ಚಾರ್ಲ್ಸ್ ಲ್ಯಾಂಬ್: ಒಂಟಿತನವನ್ನು ಒಡನಾಟದಿಂದ ಗೆದ್ದ ಗುಮಾಸ್ತ

ಆಂಗ್ಲ ಸಾಹಿತ್ಯದಲ್ಲಿ ಒಂಟಿತನದ ಚಿತ್ರಗಳಿಗೆ ಕೊರತೆಯಿಲ್ಲ. 1719ರಲ್ಲಿ ಪ್ರಕಟವಾದ ಡೇನಿಯಲ್ ಡಿಫೋನ ಕಾದಂಬರಿಯಲ್ಲಿ ರಾಬಿನ್ಸನ್ ಕ್ರೂಸೋ ನಿರ್ಜನ ದ್ವೀಪದಲ್ಲಿ ಗಿಳಿಯೊಂದಕ್ಕೆ ಮಾತು ಕಲಿಸಿ, ತನ್ನ ಹೆಸರನ್ನು ಇನ್ನೊಂದು ಕಂಠದಿಂದ ಕೇಳಿ ಸಮಾಧಾನಪಡುತ್ತಾನೆ. 1798ರಲ್ಲಿ ಬೆಳಕು ಕಂಡ ಕೋಲ್‌ರಿಜ್‌ನ ಕಥನಕವನದಲ್ಲಿ ಮುದಿ ನಾವಿಕನೊಬ್ಬ ಸತ್ತ ಸಂಗಡಿಗರ ನಡುವೆ ನಡುಗಡಲಿನಲ್ಲಿ ಏಕಾಕಿಯಾಗಿ ಉಳಿಯುತ್ತಾನೆ. 1818ರ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ವಿಕಾರರೂಪಿ ಜೀವಿ ತನ್ನನ್ನು ಸೃಷ್ಟಿಸಿದವನಲ್ಲಿ ಬೇಡಿಕೊಳ್ಳುವುದು ಒಬ್ಬ ಸಂಗಾತಿಯನ್ನು. ಇವೆಲ್ಲ ಕಲ್ಪನೆಯ ಪಾತ್ರಗಳು. ಆದರೆ ಅದೇ ಕಾಲದ ಲಂಡನ್ ನಗರದಲ್ಲಿ, ಕಚೇರಿಯೊಂದರ ಎತ್ತರದ ಮಣೆಯ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಒಬ್ಬ ಗುಮಾಸ್ತ ಒಂಟಿತನವನ್ನು ಬಾಳಿ ತೋರಿಸಿದನು. ಅದಕ್ಕೆ ಮದ್ದನ್ನೂ ಕಂಡುಕೊಂಡನು. ಆತನೇ ‘ಈಲಿಯಾ’ ಎಂಬ ಹೆಸರಿನಿಂದ ಪ್ರಸಿದ್ಧನಾದ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್. ಬಿ.ಎ. ತರಗತಿಯಲ್ಲಿ ಆತನ ಪ್ರಬಂಧಗಳನ್ನು ಪಠ್ಯವಾಗಿ ಓದಿದವರು ನಮ್ಮಲ್ಲಿ ಅನೇಕರಿರಬಹುದು. ಆ ಪ್ರಬಂಧಗಳ ತಿಳಿನಗೆಯ ಹಿಂದೆ ಎಂತಹ ಬದುಕಿತ್ತು ಎಂಬುದು ಪರೀಕ್ಷೆಯ ಪ್ರಶ್ನೆಗಳಲ್ಲಿ ಬರುತ್ತಿರಲಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲ್ಯಾಂಬ್ ಹುಟ್ಟಿದ್ದು 1775ರ ಫೆಬ್ರವರಿ 10ರಂದು, ಲಂಡನ್ನಿನ ವಕೀಲರ ವಸತಿಯಾದ ಇನ್ನರ್ ಟೆಂಪಲ್‌ನಲ್ಲಿ. ತಂದೆ ಜಾನ್ ಲ್ಯಾಂಬ್ ಅಲ್ಲಿನ ಹಿರಿಯ ವಕೀಲ ಸ್ಯಾಮ್ಯುಅಲ್ ಸಾಲ್ಟನ ಬಳಿ ಗುಮಾಸ್ತನೂ ಸೇವಕನೂ ಆಗಿದ್ದನು. ಹುಟ್ಟಿದ ಏಳು ಮಕ್ಕಳಲ್ಲಿ ಉಳಿದವರು ಮೂವರೇ: ಅಣ್ಣ ಜಾನ್, ಅಕ್ಕ ಮೇರಿ ಹಾಗೂ ಕಿರಿಯವನಾದ ಚಾರ್ಲ್ಸ್. ಹತ್ತು ವರ್ಷಕ್ಕೆ ಹಿರಿಯಳಾದ ಮೇರಿಯೇ ಅವನನ್ನು ಎತ್ತಿ ಆಡಿಸಿದವಳು, ಅಕ್ಷರ ಕಲಿಸಿದವಳು.

ಏಳನೆಯ ವಯಸ್ಸಿನಲ್ಲಿ ಆತ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಧರ್ಮಶಾಲೆಗೆ ಸೇರಿದನು. ಅಲ್ಲಿ ಮುಂದೆ ಮಹಾಕವಿಯಾಗಲಿದ್ದ ಸ್ಯಾಮ್ಯುಅಲ್ ಟೇಲರ್ ಕೋಲ್‌ರಿಜ್ ಆತನಿಗೆ ಗೆಳೆಯನಾದನು. ಈ ಸ್ನೇಹ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿತು. ಓದಿನಲ್ಲಿ ಚುರುಕಾಗಿದ್ದರೂ ಲ್ಯಾಂಬ್‌ಗೆ ತೊದಲು ಮಾತು. ವಿಶ್ವವಿದ್ಯಾಲಯಕ್ಕೆ ಹೋಗುವ ವಿದ್ಯಾರ್ಥಿವೇತನ ಧರ್ಮಬೋಧಕರಾಗುವವರಿಗೆ ಮೀಸಲಾಗಿದ್ದುದರಿಂದ ಆ ಬಾಗಿಲು ಮುಚ್ಚಿತು. ಗೆಳೆಯ ಕೇಂಬ್ರಿಜ್‌ಗೆ ಹೋದನು. ಲ್ಯಾಂಬ್ ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟನು.

ಕಂಪನಿಯ ಲೆಕ್ಕಪತ್ರ

1792ರ ಏಪ್ರಿಲ್‌ನಲ್ಲಿ ಆತ ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಪತ್ರ ವಿಭಾಗವನ್ನು ಸೇರಿದನು. ನಮಗೆ ಈ ಇಸವಿ ಬೇರೊಂದು ಕಾರಣಕ್ಕೆ ನೆನಪಿದೆ. ಮೂರನೆಯ ಮೈಸೂರು ಯುದ್ಧ ಮುಗಿದು, ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಗಿ ಬಂದದ್ದು ಅದೇ ವರ್ಷದ ಆರಂಭದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಸಿಪಾಯಿಯ ಮೇಲೆರಗಿದ ಟಿಪ್ಪುವಿನ ಮರದ ಹುಲಿಯನ್ನು ಲಂಡನ್ನಿಗೆ ಸಾಗಿಸಲಾಯಿತು. 1808ರಿಂದ ಅದನ್ನು ಪ್ರದರ್ಶನಕ್ಕಿಟ್ಟದ್ದು ಲ್ಯಾಂಬ್ ಕೆಲಸ ಮಾಡುತ್ತಿದ್ದ ಲೆಡನ್‌ಹಾಲ್ ಬೀದಿಯ ಅದೇ ಕಟ್ಟಡದಲ್ಲಿ. ಶ್ರೀರಂಗಪಟ್ಟಣದ ಹುಲಿಯೂ ಲಂಡನ್ನಿನ ಗುಮಾಸ್ತನೂ ಹದಿನೇಳು ವರ್ಷ ಒಂದೇ ಸೂರಿನ ಕೆಳಗಿದ್ದರು.

ಮೊದಲ ಮೂರು ವರ್ಷ ನಿಗದಿತ ಸಂಬಳವಿರಲಿಲ್ಲ. ಚಹಾ, ನೀಲಿ, ಬಟ್ಟೆಗಳ ಹರಾಜಿನ ಲೆಕ್ಕ ಬರೆಯುವುದೇ ಕಾಯಕ. ತನ್ನ ನಿಜವಾದ ಕೃತಿಗಳು ಕಂಪನಿಯ ಕಪಾಟುಗಳಲ್ಲಿರುವ ನೂರಾರು ದಪ್ಪ ಸಂಪುಟಗಳೇ ಎಂದು ಆತ ಮುಂದೆ ತಮಾಷೆ ಮಾಡುತ್ತಿದ್ದನು. ಲೆಡ್ಜರ್‌ಗಳ ಕಾಲದಲ್ಲಿ ಬ್ಯಾಂಕ್ ಸೇರಿದ ನನ್ನಂಥವರಿಗೆ ಈ ಮಾತಿನ ನಗೆಯೂ ನೋವೂ ಬೇಗ ಅರ್ಥವಾಗುತ್ತವೆ. ಇಡೀ ಆಯುಷ್ಯದ ಬರವಣಿಗೆ ಕೊನೆಗೆ ಯಾರೂ ತೆರೆಯದ ಕಪಾಟನ್ನು ಸೇರುತ್ತದೆ.

1796ರ ಆ ದಿನ

ಲ್ಯಾಂಬ್ ವಂಶದಲ್ಲಿ ಮನೋವ್ಯಾಧಿಯ ಎಳೆಯೊಂದಿತ್ತು. 1795-96ರ ಚಳಿಗಾಲದಲ್ಲಿ ಚಾರ್ಲ್ಸ್ ಸ್ವತಃ ಆರು ವಾರ ಹಾಕ್ಸ್‌ಟನ್ನಿನ ಹುಚ್ಚಾಸ್ಪತ್ರೆಯಲ್ಲಿದ್ದು ಬಂದಿದ್ದನು. ಮನೆಯಲ್ಲಿ ತಂದೆಗೆ ಮರೆವು ಕವಿದಿತ್ತು, ತಾಯಿ ಹಾಸಿಗೆ ಹಿಡಿದಿದ್ದಳು. ಹಗಲೆಲ್ಲ ಹೊಲಿಗೆಯಿಂದ ಸಂಪಾದಿಸಿ, ರಾತ್ರಿಯೆಲ್ಲ ತಾಯಿಯ ಶುಶ್ರೂಷೆ ಮಾಡಿ ಮೇರಿ ಬಳಲಿಹೋಗಿದ್ದಳು. 1796ರ ಸೆಪ್ಟೆಂಬರ್ 22ರಂದು ಊಟಕ್ಕೆ ಅಣಿಮಾಡುವ ಹೊತ್ತಿನಲ್ಲಿ ಆಕೆಗೆ ಉನ್ಮಾದ ಕೆರಳಿತು. ಮೇಜಿನ ಮೇಲಿದ್ದ ಚೂರಿಯಿಂದ ಅವಳು ತಾಯಿಯನ್ನೇ ಇರಿದು ಕೊಂದಳು. ತಂದೆಯ ಹಣೆಗೂ ಗಾಯವಾಯಿತು. ಚಾರ್ಲ್ಸ್ ಅವಳ ಕೈಯಿಂದ ಚೂರಿಯನ್ನು ಕಿತ್ತುಕೊಂಡನು. ಆಗ ಅವನ ವಯಸ್ಸು ಇಪ್ಪತ್ತೊಂದು.

ಪಂಚಾಯತರು ಇದು ಬುದ್ಧಿಭ್ರಮಣೆಯಿಂದಾದ ಕೃತ್ಯವೆಂದು ತೀರ್ಮಾನಿಸಿದರು. ಮೇರಿಯನ್ನು ಬಾಳಿನುದ್ದಕ್ಕೂ ಆಸ್ಪತ್ರೆಯಲ್ಲೇ ಇರಿಸುವುದು ಒಳಿತೆಂಬುದು ಅಣ್ಣ ಜಾನನ ಅಭಿಪ್ರಾಯ. ಚಾರ್ಲ್ಸ್ ಒಪ್ಪಲಿಲ್ಲ. ಅಕ್ಕನ ಹೊಣೆ ತನ್ನದೆಂದು ಮಾತು ಕೊಟ್ಟನು. ಮುಂದಿನ ಮೂವತ್ತೆಂಟು ವರ್ಷ, ಕೊನೆಯುಸಿರಿನವರೆಗೆ, ಆ ಮಾತನ್ನು ನಡೆಸಿದನು. 1799ರಲ್ಲಿ ತಂದೆ ತೀರಿಕೊಂಡ ಮೇಲೆ ಅಕ್ಕನನ್ನು ತನ್ನ ಮನೆಗೇ ಕರೆತಂದನು.

ಜತೆಯ ಬಾಳು

ಕಾಯಿಲೆ ಪೂರ್ತಿ ವಾಸಿಯಾಗುವಂಥದ್ದಾಗಿರಲಿಲ್ಲ. ಆಗಾಗ ಮರುಕಳಿಸುತ್ತಿತ್ತು. ಅದರ ಮುನ್ಸೂಚನೆ ಮೇರಿಗೇ ತಿಳಿಯುತ್ತಿತ್ತು. ಆಗ ಅಕ್ಕ ತಮ್ಮಂದಿರಿಬ್ಬರೂ ಕೈಹಿಡಿದು, ಕಣ್ಣೀರಿಡುತ್ತ, ಹೊಲದ ದಾರಿಯಲ್ಲಿ ಆಸ್ಪತ್ರೆಯತ್ತ ನಡೆದುಹೋಗುತ್ತಿದ್ದುದನ್ನು ಗೆಳೆಯರು ಕಂಡಿದ್ದಾರೆ. ಅವಳನ್ನು ಕಟ್ಟಿಹಾಕಲು ಬೇಕಾದ ಅಂಗಿಯನ್ನೂ ಅವರೇ ಒಯ್ಯುತ್ತಿದ್ದರಂತೆ. ಕೆಲವು ವಾರಗಳ ಬಳಿಕ ಮೇರಿ ಹಿಂದಿರುಗಿದಾಗ ಅವಳಷ್ಟು ವಿವೇಕಿ, ಅವಳಷ್ಟು ಮೃದುಸ್ವಭಾವದ ಹೆಂಗಸು ಇನ್ನೊಬ್ಬಳಿಲ್ಲವೆಂದು ಎಲ್ಲರೂ ಮೆಚ್ಚುತ್ತಿದ್ದರು. ಅವಳಿಲ್ಲದ ಆ ವಾರಗಳಲ್ಲಿ ಚಾರ್ಲ್ಸ್ ಬರಿದಾದ ಮನೆಯಲ್ಲಿ ಒಬ್ಬನೇ ಇರುತ್ತಿದ್ದನು. ಮದ್ಯದ ಮೊರೆಹೋಗಿದ್ದೂ ಉಂಟು. ನೆರೆಹೊರೆಯ ಪಿಸುಮಾತಿಗೆ ಅಂಜಿ ಮತ್ತೆ ಮತ್ತೆ ಮನೆ ಬದಲಾಯಿಸಬೇಕಾಯಿತು.

1798ರಲ್ಲಿ ಆತ ಬರೆದ, ಕಣ್ಮರೆಯಾದ ಹಳೆಯ ಪರಿಚಿತ ಮುಖಗಳನ್ನು ಹುಡುಕುವ ಪುಟ್ಟ ಕವಿತೆ ಈ ದಿನಗಳ ಕೂಸು. ಅದರ ಮೊದಲ ಮುದ್ರಣದಲ್ಲಿ ತಾಯಿಯ ಸಾವನ್ನು ನೆನೆಯುವ ಸಾಲುಗಳಿದ್ದವು. ಮುಂದೆ ಅವನ್ನು ಆತ ಕೈಬಿಟ್ಟನು. ಮನೆಯಲ್ಲೇ ಅದನ್ನು ಓದಬಲ್ಲ ಒಬ್ಬಳಿದ್ದಳಷ್ಟೆ. ಪಾಲ್‌ಗ್ರೇವನ ‘ಗೋಲ್ಡನ್ ಟ್ರೆಷರಿ’ ಸಂಕಲನ ಈ ಕವಿತೆಯನ್ನು ಜಗತ್ತಿಗೆಲ್ಲ ಹಂಚಿತು. ನಮ್ಮ ಬಿ.ಎಂ. ಶ್ರೀಕಂಠಯ್ಯನವರು ತಮ್ಮ ‘ಇಂಗ್ಲಿಷ್ ಗೀತಗಳು’ ಸಂಗ್ರಹಕ್ಕೆ ಹಲವು ಕವಿತೆಗಳನ್ನು ಆರಿಸಿಕೊಂಡದ್ದೂ ಅದೇ ಸಂಕಲನದಿಂದ.

ಮಕ್ಕಳಿಗಾಗಿ ಷೇಕ್ಸ್‌ಪಿಯರನ ನಾಟಕಗಳನ್ನು ಕಥೆಯಾಗಿ ಹೇಳುವ ಪುಸ್ತಕವನ್ನು ಒಡಹುಟ್ಟಿದವರಿಬ್ಬರೂ ಒಂದೇ ಮೇಜಿನ ಎದುರುಬದುರು ಕುಳಿತು ಬರೆದರು. 1807ರಲ್ಲಿ ಅದು ಹೊರಬಂದಿತು. ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕು ಮೇರಿಯವು, ಆರು ದುರಂತಗಳು ಚಾರ್ಲ್ಸ್‌ನವು. ಮುಖಪುಟದಲ್ಲಿ ಅಚ್ಚಾದದ್ದು ಮಾತ್ರ ತಮ್ಮನ ಹೆಸರು. ಭಾರತದ ಎಷ್ಟೋ ಶಾಲಾಮಕ್ಕಳು ಹ್ಯಾಮ್ಲೆಟ್, ಪೋರ್ಷಿಯರನ್ನು ಮೊದಲು ಕಂಡದ್ದು ಈ ಪುಸ್ತಕದಲ್ಲಿ.

ವಾರಕ್ಕೊಂದು ಸಂಜೆ ಲ್ಯಾಂಬ್ ಮನೆಯ ಬಾಗಿಲು ಗೆಳೆಯರಿಗೆ ತೆರೆದಿರುತ್ತಿತ್ತು. ಮೊದಲು ಬುಧವಾರ, ಆಮೇಲೆ ಗುರುವಾರ. ಹ್ಯಾಜ್‌ಲಿಟ್, ಗಾಡ್ವಿನ್, ಲೀ ಹಂಟ್ ಬರುತ್ತಿದ್ದರು. ಊರಿಗೆ ಬಂದಾಗ ವರ್ಡ್ಸ್‌ವರ್ತ್, ಕೋಲ್‌ರಿಜ್ ಸಹ. ಇಸ್ಪೀಟಿನಾಟ, ತಣ್ಣನೆಯ ಊಟ, ನಡುರಾತ್ರಿಯವರೆಗೆ ಮಾತು. ಆ ಬಡಮನೆಯಲ್ಲಿ ವೈಭವವೇನೂ ಇರಲಿಲ್ಲ. ಮೇರಿಯ ವಿಷಯ ಈ ಗೆಳೆಯರಲ್ಲಿ ಹಲವರಿಗೆ ಗೊತ್ತಿತ್ತು. ಆದರೂ ಒಬ್ಬರೂ ಅದನ್ನು ಅಚ್ಚಿಗೆ ತರಲಿಲ್ಲ. ಇಬ್ಬರೂ ಗತಿಸಿದ ಮೇಲೆ, 1848ರಲ್ಲಿ, ಗೆಳೆಯ ಟಾಲ್‌ಫೋರ್ಡ್ ಬರೆದ ಪುಸ್ತಕದಿಂದಲೇ ಓದುಗರಿಗೆ ಅದು ತಿಳಿದದ್ದು. ಐವತ್ತು ವರ್ಷದ ಆ ಮೌನವನ್ನು ಸ್ನೇಹದ ದೊಡ್ಡ ಕಾಣಿಕೆಯೆಂದೇ ಎಣಿಸಬೇಕು.

ಕೈಗೂಡದ ಸಂಸಾರ

ಯೌವನದಲ್ಲಿ ಲ್ಯಾಂಬ್ ಹರ್ಟ್‌ಫರ್ಡ್‌ಶೈರಿನ ಆನ್ ಸಿಮ್ಮನ್ಸ್ ಎಂಬ ಹುಡುಗಿಯನ್ನು ಪ್ರೀತಿಸಿದ್ದನು. ಆಕೆ ಬೇರೊಬ್ಬನ ಕೈಹಿಡಿದಳು. 1819ರ ಜುಲೈನಲ್ಲಿ, ನಲವತ್ತನಾಲ್ಕರ ಪ್ರಾಯದಲ್ಲಿ, ನಟಿ ಫ್ಯಾನಿ ಕೆಲ್ಲಿಗೆ ಪತ್ರ ಬರೆದು ವಿವಾಹದ ಮಾತೆತ್ತಿದನು. ಅದೇ ದಿನ ನಿರಾಕರಣೆಯ ಉತ್ತರ ಬಂದಿತು. ಆತ ಬೇಸರಿಸದೆ ನಗುನಗುತ್ತಲೇ ಮಾರೋಲೆ ಬರೆದನು. ಸ್ನೇಹ ಹಾಗೆಯೇ ಮುಂದುವರಿಯಿತು.

1820ರಿಂದ ‘ಲಂಡನ್ ಮ್ಯಾಗಝೀನ್’ ಪತ್ರಿಕೆಯಲ್ಲಿ ಈಲಿಯಾ ಪ್ರಬಂಧಗಳು ಬರತೊಡಗಿದವು. 1822ರ ‘ಕನಸಿನ ಮಕ್ಕಳು’ ಪ್ರಬಂಧದಲ್ಲಿ ಒಬ್ಬ ತಂದೆ ಮಗನಿಗೂ ಮಗಳಿಗೂ ಅಜ್ಜಿಯ ಕಥೆ ಹೇಳುತ್ತಾನೆ. ಕೊನೆಗೆ ಮಕ್ಕಳು ಮಸುಕಾಗುತ್ತ ಕರಗಿಹೋಗುತ್ತಾರೆ; ಬ್ರಹ್ಮಚಾರಿಯೊಬ್ಬ ಕುರ್ಚಿಯಲ್ಲಿ ಎಚ್ಚರಗೊಳ್ಳುತ್ತಾನೆ. ಪಕ್ಕದಲ್ಲಿ ಎಂದಿನಂತೆ ಅಕ್ಕ ಇದ್ದಾಳೆ. ಅಣ್ಣ ಜಾನ್ ತೀರಿಕೊಂಡ ಕೆಲವೇ ವಾರಗಳಲ್ಲಿ ಬರೆದದ್ದಿದು. ಮುಂದೆ ಎಮ್ಮಾ ಐಸೋಲಾ ಎಂಬ ಅನಾಥ ಬಾಲೆಯನ್ನು ಒಡಹುಟ್ಟಿದವರು ಮಗಳಂತೆ ಸಾಕಿ, ಲ್ಯಾಟಿನ್ ಕಲಿಸಿ, 1833ರಲ್ಲಿ ಪ್ರಕಾಶಕ ಮಾಕ್ಸನ್‌ಗೆ ಮದುವೆ ಮಾಡಿಕೊಟ್ಟರು.

ನಿವೃತ್ತಿ ಮತ್ತು ಕೊನೆಯ ದಿನಗಳು

1825ರ ಮಾರ್ಚ್ 29ರಂದು, ಮೂವತ್ತಮೂರು ವರ್ಷಗಳ ಸೇವೆಯ ನಂತರ, ಲ್ಯಾಂಬ್ ನಿವೃತ್ತನಾದನು. ವರ್ಷಕ್ಕೆ 450 ಪೌಂಡ್ ಪಿಂಚಣಿ. ತನ್ನ ನಂತರ ಮೇರಿಗೆ ಜೀವನಾಂಶ ಸಿಗಲೆಂದು ಅದರಲ್ಲಿ 9 ಪೌಂಡ್ ಕಡಿತಗೊಂಡು, ಕೈಗೆ 441 ಬರುತ್ತಿತ್ತು. ಬಿಡುಗಡೆಯ ಸಂಭ್ರಮ ಹೆಚ್ಚು ಕಾಲ ಉಳಿಯಲಿಲ್ಲ. ಅದೇ ವರ್ಷ ನಿವೃತ್ತಿಯನ್ನು ಕುರಿತು ಬರೆದ ಪ್ರಬಂಧದಲ್ಲಿ, ವಾರದ ದಿನಗಳಿಗೆಲ್ಲ ಒಂದೇ ಬಣ್ಣ ಬಂದುದನ್ನೂ, ಹಳೆಯ ಕಚೇರಿಗೆ ಹೋದಾಗ ತನ್ನ ಮೇಜಿನಲ್ಲಿ ಬೇರೆಯವರು ಕುಳಿತಿದ್ದುದನ್ನೂ ಆತ ಚಿತ್ರಿಸುತ್ತಾನೆ. ಲಂಡನ್ನಿನ ಬೀದಿಗಳ ಜನಸಂದಣಿಯನ್ನು ಪ್ರಾಣದಂತೆ ಪ್ರೀತಿಸಿದವನು ಮೇರಿಯ ಆರೋಗ್ಯಕ್ಕಾಗಿ 1827ರಲ್ಲಿ ಎನ್‌ಫೀಲ್ಡ್‌ಗೂ 1833ರಲ್ಲಿ ಎಡ್ಮಂಟನ್ನಿಗೂ ಹೋಗಿ ನೆಲೆಸಿದನು. ಎಡ್ಮಂಟನ್ನಿನದು ಮನೋರೋಗಿಗಳನ್ನು ನೋಡಿಕೊಳ್ಳುವವರ ಮನೆ. ಅಕ್ಕ ಅಲ್ಲಿದ್ದರೆ ತಾನೂ ಅಲ್ಲಿಯೇ ಎಂಬುದು ಆತನ ನಿಶ್ಚಯ.

1834ರ ಜುಲೈನಲ್ಲಿ ಕೋಲ್‌ರಿಜ್ ತೀರಿಕೊಂಡನು. ಆ ಪೆಟ್ಟಿನಿಂದ ಲ್ಯಾಂಬ್ ಚೇತರಿಸಿಕೊಳ್ಳಲಿಲ್ಲ. ಡಿಸೆಂಬರ್‌ನಲ್ಲಿ ದಾರಿಯಲ್ಲಿ ಎಡವಿಬಿದ್ದು ಮುಖಕ್ಕಾದ ಗಾಯ ನಂಜೇರಿ, 27ರಂದು ಅಸುನೀಗಿದನು. ಮೇರಿ ಇನ್ನೂ ಹನ್ನೆರಡು ವರ್ಷಕ್ಕೂ ಹೆಚ್ಚು ಬದುಕಿದ್ದು, 1847ರ ಮೇ 20ರಂದು ಕಣ್ಮುಚ್ಚಿದಳು. ಎಡ್ಮಂಟನ್ನಿನ ಚರ್ಚಿನಂಗಳದಲ್ಲಿ ಇಬ್ಬರಿಗೂ ಒಂದೇ ಸಮಾಧಿ.

ನಮಗೊಂದು ಪಾಠ

ಗ್ರೇಟರ್ ನೋಯ್ಡಾದ ನಮ್ಮ ಬಹುಮಹಡಿ ವಸತಿಗಳಲ್ಲಿ ಕಾವಲುಗಾರನಿದ್ದಾನೆ, ಲಿಫ್ಟ್ ಇದೆ, ಉದ್ಯಾನವಿದೆ. ಆದರೆ ಹತ್ತನೆಯ ಮಹಡಿಯ ಬಾಗಿಲ ಹಿಂದೆ ಕನ್ನಡದಲ್ಲಿ ಮಾತನಾಡಲು ಯಾರಾದರೂ ಬರುವರೇ ಎಂದು ಕಾಯುವ ಹಿರಿಯರೂ ಇದ್ದಾರೆ. ಮನೆಯವರೊಬ್ಬರ ಮನೋವ್ಯಾಧಿಯನ್ನು ಊರಿನವರಿಗೆ ತಿಳಿಸಲಾರದೆ, ತಾವೊಬ್ಬರೇ ಹೊರುತ್ತ, ಹಬ್ಬಕ್ಕೂ ಹರಿದಿನಕ್ಕೂ ಹೊರಬಾರದ ಕುಟುಂಬಗಳೂ ಇವೆ. ಲ್ಯಾಂಬ್ ಬಾಗಿಲು ಮುಚ್ಚಿಕೊಳ್ಳಲು ಯಾವ ಕಾರಣವಿದ್ದರೂ ಸಾಕಿತ್ತು. ಆತ ವಾರಕ್ಕೊಮ್ಮೆ ಅದನ್ನು ತೆರೆದಿಟ್ಟನು. ಬಂದವರು ಅಲ್ಲಿ ಕಂಡದ್ದನ್ನು ಹೊರಗೆ ಆಡಿಕೊಳ್ಳಲಿಲ್ಲ. ಒಡನಾಟಕ್ಕೆ ಬೇಕಾದುದು ಈ ಎರಡೇ. ಮುಂದಿನ ರಾಜ್ಯೋತ್ಸವದ ಆಮಂತ್ರಣ ಹಿಡಿದು ಹೊರಟಾಗ, ಬಹುಕಾಲದಿಂದ ಸಭೆಗೆ ಬಾರದವರ ಮನೆಯ ಗಂಟೆಯನ್ನು ಮೊದಲು ಒತ್ತೋಣ.