ಸೇನ್ ಸಾಹೇಬರ ಪೆಟ್ಟಿಗೆಯೂ ಇಂದಿನ ವೋಟಿನ ಮಿಷಿನ್ನೂ

ಶ್ರೀರಾಮನಗರ: ಭತ್ತದ ಲಾರಿ ವೇಬ್ರಿಜ್ ಇಳಿದ ಮೇಲೆ ತೂಕದ ಚೀಟಿ ಕೈಗೆ ಬಾರದೆ ಯಾವ ರೈತನೂ ಜಾಗ ಬಿಡುವುದಿಲ್ಲ. ಮಾಲೀಕ ಕಳ್ಳನೆಂದಲ್ಲ, ಲೆಕ್ಕ ಕಣ್ಣಿಗೆ ಕಾಣಬೇಕು, ಅಷ್ಟೇ. ವೋಟಿನ ಮಿಷಿನ್ ಮೇಲೆ ಜನಕ್ಕಿರುವ ಗುಮಾನಿಯೂ ಹಂಗೇ. ಈ ಮಾತು ಬಂದಾಗ ನೆನೆಯಬೇಕಾದವರು ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್.

ಬಂಗಾಳದ ಸೇನ್ ಲಂಡನ್ನಿನಲ್ಲಿ ಗಣಿತ ಓದಿ ಚಿನ್ನದ ಪದಕ ಗೆದ್ದವರು. ಐ.ಸಿ.ಎಸ್. ಸೇರಿ ನ್ಯಾಯಾಧೀಶರಾದರು, ಪಶ್ಚಿಮ ಬಂಗಾಳದ ಮುಖ್ಯ ಕಾರ್ಯದರ್ಶಿಯೂ ಆದರು. 1950ರ ಮಾರ್ಚಿನಲ್ಲಿ ಚುನಾವಣೆಯ ಭಾರ ಹೆಗಲಿಗೆ ಬಿತ್ತು. 17 ಕೋಟಿಗೂ ಮೀರಿದ ಮತದಾರರು. ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಓದು ಬಾರದು. ಪ್ರಧಾನಿ ನೆಹರೂ ಅವಸರಪಟ್ಟರೂ ಸೇನ್ ಕಾಲಾವಕಾಶ ಕೇಳಿದರು.

ಅವರ ಉಪಾಯ ಸರಳ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಬೇಕಾದವರ ಪೆಟ್ಟಿಗೆಗೆ ಮತಪತ್ರ ಹಾಕಿದರೆ ಮುಗೀತು. 1951ರ ಅಕ್ಟೋಬರಿನಿಂದ 1952ರ ಫೆಬ್ರವರಿವರೆಗೆ ಮತದಾನ ನಡೆಯಿತು. ಆಗ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಸೀಮೆಯ ಕುಷ್ಟಗಿ ಲೋಕಸಭಾ ಕ್ಷೇತ್ರದಲ್ಲಿ ಪಕ್ಷೇತರ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಗೆದ್ದರು.

ಸೇನ್ ಕಟ್ಟುನಿಟ್ಟಿನ ಮನುಷ್ಯ. ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. 1953ರಲ್ಲಿ ಸುಡಾನಿನ ಚುನಾವಣೆ ನಡೆಸಿಕೊಟ್ಟರು, 1954ರಲ್ಲಿ ಪದ್ಮಭೂಷಣ ಪಡೆದರು. ಎರಡನೇ ಮಹಾ ಚುನಾವಣೆಯನ್ನೂ ಮುಗಿಸಿ 1958ರಲ್ಲಿ ಹುದ್ದೆ ಬಿಟ್ಟರು. ಒಂದೇ ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿ ಅವರ ನಂತರದ್ದು.

ಮಿಷಿನ್ ಬಂದದ್ದು ಇನ್ನೂ ತಡವಾಗಿ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲು ಬಳಸಿದರು. ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಮತಪತ್ರದಲ್ಲಿ ಮರುಮತದಾನವಾದಾಗ ಸೋತವರು ಗೆದ್ದರು! 1989ರಲ್ಲಿ ಕಾನೂನು ಬಂತು. ಈಗ ಮಿಷಿನ್ ಪಕ್ಕ ಚೀಟಿ ಬೀಳುತ್ತದೆ, ಆದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆಗಳ ಚೀಟಿ ಮಾತ್ರ ಎಣಿಕೆ. ಮತಪತ್ರಕ್ಕೆ ಮರಳಲು 2024ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ.

ಕಾಗದದ ಕಾಲದಲ್ಲೂ ಪೆಟ್ಟಿಗೆ ಹೊತ್ತೊಯ್ದವರಿದ್ದರು, ನಿಜ. ಆದರೆ ಆ ಕಳವು ಊರ ಕಣ್ಣಿಗೆ ಬೀಳುತ್ತಿತ್ತು. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬೀದರ್ ಬಿಟ್ಟು ರಾಜ್ಯವೆಲ್ಲ ಮತಪತ್ರಕ್ಕೇ ಮುದ್ರೆ ಒತ್ತಿತು. ಪಂಚಾಯಿತಿಗೆ ನಡೆದದ್ದು ಪಾರ್ಲಿಮೆಂಟಿಗೆ ಯಾಕೆ ನಡೆಯಬಾರದು? ಅದಾಗದಿದ್ದರೆ ಬಿದ್ದ ಚೀಟಿಯನ್ನಾದರೂ ಪೂರ್ತಿ ಎಣಿಸಲಿ. ಓದು ಬಾರದವನಿಗೂ ತನ್ನ ವೋಟು ಕಾಣಬೇಕು. ಸೇನ್ ಸಾಹೇಬರ ಲೆಕ್ಕ ಅದೇ ಆಗಿತ್ತು.