ದೇವರೊಡನೆ ಜಗಳವಾಡಿದ ಭಕ್ತ: ಲಿಯೋನ್ ಬ್ಲ್ವಾ

2013ರ ಮಾರ್ಚ್ 14ರಂದು, ಜಗದ್ಗುರು ಪದವಿಗೆ ಆಯ್ಕೆಯಾದ ಮರುದಿನ, ಪೋಪ್ ಫ್ರಾನ್ಸಿಸ್ ಅವರು ಸಿಸ್ಟೀನ್ ಪ್ರಾರ್ಥನಾಲಯದಲ್ಲಿ ಕಾರ್ಡಿನಲರೊಡನೆ ಬಲಿಪೂಜೆಯನ್ನು ಅರ್ಪಿಸಿದರು. ಆ ಮೊದಲ ಪ್ರಬೋಧನೆಯಲ್ಲಿ ಅವರು ಹೆಸರಿಸಿದ ಲೇಖಕರು ಲಿಯೋನ್ ಬ್ಲ್ವಾ. ಯೂರೋಪಿನ ಕಥೋಲಿಕ ಸಾಹಿತ್ಯವನ್ನು ಬಲ್ಲವರಿಗೆ ಈ ಹೆಸರು ಚಿರಪರಿಚಿತ. ಬ್ಲ್ವಾ ಸಂತರಲ್ಲ, ಅವರನ್ನು ಸಂತರೆಂದು ಘೋಷಿಸಲು ಯಾರೂ ಮುಂದಾದಂತೆಯೂ ಕಾಣದು. ಸುಮಾರು ನಾಲ್ಕು ದಶಕಗಳ ಕಾಲ ನೆಲೆಯಾದ ಉದ್ಯೋಗವಿಲ್ಲದೆ, ಸಾಲ ಮತ್ತು ಭಿಕ್ಷೆಗಳಿಂದ ಸಂಸಾರ ತೂಗಿಸಿದ, ಮನುಷ್ಯರ ಮೇಲೂ ದೇವರ ಮೇಲೂ ಸಮನಾಗಿ ಸಿಟ್ಟಾದ, ಆದರೂ ಮುಂಜಾನೆಯ ಪೂಜೆಯನ್ನು ಬಿಡದ ಗೃಹಸ್ಥರು ಅವರು.

ಪ್ರಿಯ ವಾಚಕರೇ, ಕೆಲಸ ಕಳೆದುಕೊಂಡ ಮನೆಯ ಯಜಮಾನ ಎಲ್ಲಕ್ಕಿಂತ ಮೊದಲು ಬಿಡುವುದು ಭಾನುವಾರದ ಪೂಜೆಯನ್ನು ಎಂಬುದನ್ನು ನೀವೂ ಕಂಡಿರಬಹುದು. ದೇವಾಲಯದ ಬಾಗಿಲಲ್ಲಿ ಏನಾದರೂ ಸಿಕ್ಕಿತೇ ಎಂದು ವಿಚಾರಿಸುವವರ ಮುಂದೆ ತಲೆ ತಗ್ಗಿಸಬೇಕಲ್ಲ ಎಂಬ ನಾಚಿಕೆ ಒಂದು ಕಾರಣ. ಇಷ್ಟು ಜಪಸರ ಹೇಳಿದರೂ ದೇವರು ಕಣ್ಣೆತ್ತಿ ನೋಡಲಿಲ್ಲವಲ್ಲ ಎಂಬ ರೋಷ ಇನ್ನೊಂದು. ನಾಚಿಕೆಯನ್ನು ಕುರಿತು ನಾವು ಸಂತೈಸುತ್ತೇವೆ. ರೋಷವನ್ನು ಕುರಿತು ಸಾಮಾನ್ಯವಾಗಿ ಗದರಿಸುತ್ತೇವೆ. ಆದ್ದರಿಂದಲೇ ಬ್ಲ್ವಾ ಅವರ ಬಾಳನ್ನು ಇಲ್ಲಿ ನೆನೆಯುತ್ತಿದ್ದೇವೆ.

ಅವರು ಹುಟ್ಟಿದ್ದು 1846ರ ಜುಲೈ 11ರಂದು, ಫ್ರಾನ್ಸಿನ ನೈಋತ್ಯ ಭಾಗದ ಪೆರಿಗೋ ಪಟ್ಟಣದ ಬಳಿ. ತಂದೆ ರಸ್ತೆ ಸೇತುವೆಗಳ ಸರ್ಕಾರಿ ಇಲಾಖೆಯ ನೌಕರರು, ಧರ್ಮವನ್ನು ಹಗುರವಾಗಿ ಕಾಣುತ್ತಿದ್ದವರು. ತಾಯಿಯಾದರೋ ಪರಮ ಭಕ್ತೆ. ಏಳು ಗಂಡುಮಕ್ಕಳ ಮನೆಯಲ್ಲಿ ಲಿಯೋನ್ ಎರಡನೆಯವರು. ಶಾಲೆಯ ಓದು ಪೂರ್ತಿಯಾಗಲಿಲ್ಲ. 1864ರಲ್ಲಿ ಪ್ಯಾರಿಸ್ ಸೇರಿ ರೈಲ್ವೆ ಕಂಪನಿಯೊಂದರ ಕಚೇರಿಯಲ್ಲಿ ಸಣ್ಣ ಕೆಲಸಕ್ಕೆ ನಿಂತಾಗ ಅವರು ಶ್ರೀಸಭೆಯನ್ನು ದ್ವೇಷಿಸುವ ತರುಣರಾಗಿದ್ದರು. ನೆರೆಯಲ್ಲೇ ವಾಸವಾಗಿದ್ದ ಹಿರಿಯ ಕಾದಂಬರಿಕಾರ ಬಾರ್ಬೆ ದೊರೆವಿಲಿ ಅವರ ಪರಿಚಯ ಮುಂದೆ ಆಯಿತು. ಎರಡು ವರ್ಷಗಳೊಳಗೆ ಬ್ಲ್ವಾ ತಾಯಿಯ ವಿಶ್ವಾಸಕ್ಕೆ ಮರಳಿದರು. ಮರಳಿದವರು ಅರೆಮನಸ್ಸಿನಿಂದ ಮರಳಲಿಲ್ಲ. ಸನ್ಯಾಸಿಯಾಗಬೇಕೆಂದು ಟ್ರಾಪಿಸ್ಟ್ ಮಠದ ಬಾಗಿಲು ತಟ್ಟಿದರು, ಆದರೆ ಆ ಕರೆ ಅವರದಾಗಿರಲಿಲ್ಲ. ಮುಂದೆ ರೈಲ್ವೆಯ ಗುಮಾಸ್ತಿಕೆಯನ್ನೂ ತೊರೆದು, ಲೇಖನಿಯಿಂದಲೇ ಬದುಕುವೆನೆಂದು ಹೊರಟರು. ಇದನ್ನು ಜಾಣತನವೆಂದು ಹೇಳಲಾಗದು.

ಆ ದಿನಗಳಲ್ಲಿ ಅವರು ಆನ್ ಮರಿ ರೂಲೆ ಎಂಬ ಬೀದಿಯ ಹೆಣ್ಣುಮಗಳನ್ನು ಪಾಪದ ಬಾಳಿನಿಂದ ಎತ್ತಿ ವಿಶ್ವಾಸಕ್ಕೆ ತಂದರು. ಆಕೆ ದರ್ಶನಗಳನ್ನು ಕಾಣತೊಡಗಿದರು. ದೇವರ ಮಹಾಕಾರ್ಯವೊಂದು ಇಂದೋ ನಾಳೆಯೋ ನಡೆಯುವುದೆಂದು ನುಡಿದರು. ಬ್ಲ್ವಾ ನಂಬಿ ಕಾದರು. ನಡೆದದ್ದು ಬೇರೆ. 1882ರಲ್ಲಿ ಆಕೆಗೆ ಬುದ್ಧಿಭ್ರಮಣೆಯಾಗಿ ಸಂತ ಅನ್ನಾ ಹೆಸರಿನ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಕೆ ಮತ್ತೆ ಗುಣವಾಗಲೇ ಇಲ್ಲ. ದೇವರು ಮಾತು ಕೊಟ್ಟು ತಪ್ಪಿದರೆಂಬ ಕಹಿ ಬ್ಲ್ವಾ ಅವರ ಎದೆಯೊಳಗೆ ನೆಟ್ಟದ್ದು ಅಂದಿನಿಂದ. 1887ರಲ್ಲಿ ಹೊರಬಂದ ಅವರ ಮೊದಲ ಕಾದಂಬರಿ 'ಹತಾಶ' ಈ ಗಾಯದಿಂದಲೇ ಹುಟ್ಟಿತು.

1889ರಲ್ಲಿ ಡೆನ್ಮಾರ್ಕಿನ ಕವಿ ಮೊಲ್ಬೆಕ್ ಅವರ ಮಗಳು ಯೊಹಾನ್ನೆ ಅವರು ಬ್ಲ್ವಾ ಅವರನ್ನು ಕಂಡರು. ಇವರಾರೆಂದು ಆಕೆ ವಿಚಾರಿಸಿದಾಗ ಭಿಕ್ಷುಕನೆಂಬ ಉತ್ತರ ಬಂತೆಂದು ಹೇಳುತ್ತಾರೆ. ಲೂಥರನ್ ಮನೆತನದ ಆಕೆ ಕಥೋಲಿಕರಾಗಿ, 1890ರಲ್ಲಿ ಆ ಭಿಕ್ಷುಕನನ್ನೇ ವರಿಸಿದರು. ಮರುವರ್ಷ ವೆರೋನಿಕ್ ಜನಿಸಿದಳು, 1894ರಲ್ಲಿ ಆಂದ್ರೆ. ಇದೇ ಹೊತ್ತಿಗೆ 'ಜಿಲ್ ಬ್ಲಾಸ್' ಎಂಬ ಪತ್ರಿಕೆಗೆ ಬರೆದು ಒಂದಿಷ್ಟು ನಿಯತವಾದ ಹಣ ಕೈಸೇರುತ್ತಿತ್ತು.

ಅದು ತಪ್ಪಿಹೋದ ಬಗೆಯನ್ನು ಗಮನಿಸಬೇಕು. 1894ರ ಏಪ್ರಿಲಿನಲ್ಲಿ ಪ್ಯಾರಿಸಿನ ಉಪಾಹಾರಗೃಹವೊಂದರಲ್ಲಿ ಬಾಂಬು ಸಿಡಿದು ಲೊರಾಂ ತೈಯಾದ್ ಎಂಬ ಕವಿ ಕಣ್ಣು ಕಳೆದುಕೊಂಡರು. ಬಾಂಬು ಹಾಕುವವರನ್ನು ಹಿಂದೊಮ್ಮೆ ಹೊಗಳಿದ್ದವರಾದ್ದರಿಂದ ಪತ್ರಿಕೆಗಳು ಅವರನ್ನು ಹಾಸ್ಯ ಮಾಡಿದವು. ಬ್ಲ್ವಾ ಅವರ ಪರ ನಿಂತು ಖಾರವಾಗಿ ಬರೆದರು. ಕೆರಳಿದ ಪತ್ರಕರ್ತನೊಬ್ಬ ದ್ವಂದ್ವಯುದ್ಧಕ್ಕೆ ಕರೆದ. ಅಂದಿನ ಫ್ರಾನ್ಸಿನಲ್ಲಿ ಇಂಥ ಕರೆಯನ್ನು ನಿರಾಕರಿಸಿದವನು ಹೇಡಿ. ಆದರೆ ದ್ವಂದ್ವಯುದ್ಧವನ್ನು ಶ್ರೀಸಭೆ ನಿಷೇಧಿಸಿತ್ತು; 13ನೆಯ ಲಿಯೋ ಜಗದ್ಗುರುಗಳು 1891ರಲ್ಲಿ ಆ ನಿಷೇಧವನ್ನು ಮತ್ತೊಮ್ಮೆ ಸಾರಿದ್ದರು. ಕಥೋಲಿಕನಾದ ತಾನು ಕತ್ತಿ ಹಿಡಿಯಲಾರೆನೆಂದು ಬ್ಲ್ವಾ ತಿಳಿಸಿದರು. ಪತ್ರಿಕೆ ಅವರನ್ನು ಕೈಬಿಟ್ಟಿತು. ವಿಶ್ವಾಸಕ್ಕಾಗಿ ಅನ್ನ ಕಳೆದುಕೊಂಡವನಿಗೆ ದೇವರು ಬೇರೊಂದು ಬಾಗಿಲು ತೆರೆಯುವರೆಂದು ನಾವು ನಿರೀಕ್ಷಿಸುತ್ತೇವೆ. ಬ್ಲ್ವಾ ಅವರೂ ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ.

ಬಂದದ್ದು 1895. ಜನವರಿಯಲ್ಲಿ ಹಸುಳೆ ಆಂದ್ರೆ ತೀರಿಕೊಂಡ. ಪತ್ನಿ ಹಾಸಿಗೆ ಹಿಡಿದರು. ಅದೇ ವರ್ಷ ಜನಿಸಿದ ಪಿಯೆರ್ ಡಿಸೆಂಬರಿನಲ್ಲಿ ಅಣ್ಣನ ಹಾದಿ ಹಿಡಿದ. ಒಂದೇ ವರ್ಷದಲ್ಲಿ ಇಬ್ಬರು ಗಂಡುಮಕ್ಕಳು. ಮನೆಯಲ್ಲಿ ಬಾಡಿಗೆಗೂ ಬ್ರೆಡ್ಡಿಗೂ ಕಾಸಿಲ್ಲ. ಬಲ್ಲವರಿಗೆ, ಅರೆಬಲ್ಲವರಿಗೆ ಪತ್ರ ಬರೆದು ಬೇಡುವುದೇ ಆಗ ಅವರ ಕಸುಬಾಯಿತು. ಆ ವರ್ಷಗಳ ದಿನಚರಿಯನ್ನು ಅವರು 1898ರಲ್ಲಿ ಅಚ್ಚು ಹಾಕಿಸಿ ಅದಕ್ಕೆ 'ಕೃತಘ್ನ ಭಿಕ್ಷುಕ' ಎಂದು ಹೆಸರಿಟ್ಟರು. ಸಹಾಯ ಮಾಡಿದವರನ್ನೇ ಮರುದಿನ ಕಟುವಾಗಿ ನಿಂದಿಸುತ್ತಿದ್ದುದರಿಂದ ಆ ಬಿರುದು ಅವರಿಗೆ ಒಪ್ಪುತ್ತಿತ್ತು. ಈ ದೋಷವನ್ನು ನಾವು ಮರೆಸಬೇಕಾಗಿಲ್ಲ. ಸಿರಿವಂತ ಕಥೋಲಿಕರನ್ನು, ಸಹಲೇಖಕರನ್ನು, ಗುರುಗಳನ್ನು ಅವರು ಬೈದ ರೀತಿಯಲ್ಲಿ ಸತ್ಯವಿದ್ದಷ್ಟೇ ಅನ್ಯಾಯವೂ ಇತ್ತು. ಯೆಹೂದ್ಯರ ದ್ವೇಷಿಗಳಿಗೆ ಉತ್ತರವಾಗಿ 1892ರಲ್ಲಿ ಬರೆದ ಗ್ರಂಥದಲ್ಲೇ ಯೆಹೂದ್ಯರ ಬಗ್ಗೆ ಇಂದು ಯಾರೂ ಒಪ್ಪಲಾಗದ ನುಡಿಗಳಿವೆ.

ಮನುಷ್ಯರ ಮೇಲಿನ ಆ ಕೋಪ ಬೇರೆ. ದೇವರ ಮೇಲಿನದು ಬೇರೆ. ದೇವರ ಮೇಲೆ ಸಿಟ್ಟಾದವರು ಸಾಧಾರಣವಾಗಿ ಮಾತು ಬಿಡುತ್ತಾರೆ. ಬ್ಲ್ವಾ ಮಾತು ಬಿಡಲಿಲ್ಲ. ಯೋಬನಂತೆ ದೂರಿದರು, ಆದರೆ ದೂರನ್ನು ಒಯ್ದದ್ದು ದೇವರ ಸನ್ನಿಧಿಗೇ. ಪ್ರತಿದಿನವೂ ಮುಂಜಾನೆ ಎದ್ದು ಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸುತ್ತಿದ್ದರು. 10ನೆಯ ಪಯಸ್ ಜಗದ್ಗುರುಗಳು ದಿನನಿತ್ಯದ ಪರಮಪ್ರಸಾದಕ್ಕೆ ಉತ್ತೇಜನ ನೀಡಿದ್ದು 1905ರ ಡಿಸೆಂಬರಿನಲ್ಲಿ; ಅದಕ್ಕೂ ಬಹು ಮುಂಚೆ, ಸಾಮಾನ್ಯ ಭಕ್ತರು ವರ್ಷಕ್ಕೆ ಕೆಲವೇ ಬಾರಿ ಸ್ವೀಕರಿಸುತ್ತಿದ್ದ ಕಾಲದಲ್ಲಿ, ಈ ಸಾಲಗಾರ ನಿತ್ಯವೂ ಬಲಿಪೀಠದ ಬಳಿ ಮೊಣಕಾಲೂರುತ್ತಿದ್ದರು. ಎರಡು ಮಕ್ಕಳನ್ನು ಮಣ್ಣು ಮಾಡಿದ ಮೇಲೂ ಆ ಪದ್ಧತಿ ನಿಲ್ಲಲಿಲ್ಲ.

ಅವರಿಗೆ ಆಸರೆಯಾದ ಮತ್ತೊಂದು ಸಂಗತಿ ಲಾ ಸಾಲೆತ್. ಅವರು ಹುಟ್ಟಿ ಎರಡು ತಿಂಗಳಾಗಿದ್ದಾಗ, 1846ರ ಸೆಪ್ಟೆಂಬರ್ 19ರಂದು, ಆಲ್ಪ್ಸ್ ಪರ್ವತದ ಆ ಹಳ್ಳಿಯಲ್ಲಿ ದನ ಮೇಯಿಸುತ್ತಿದ್ದ ಮೆಲನಿ ಮತ್ತು ಮಾಕ್ಸಿಮಿನ್ ಎಂಬ ಮಕ್ಕಳಿಗೆ ಮಾತೆ ಮರಿಯಮ್ಮನವರು ದರ್ಶನವಿತ್ತರು. ಮುಖವನ್ನು ಕೈಗಳಲ್ಲಿ ಹುದುಗಿಸಿ ಅಳುತ್ತಾ ಕುಳಿತ ರೂಪದಲ್ಲಿ ಅವರು ಕಾಣಿಸಿಕೊಂಡರು. 1879ರಲ್ಲಿ ಅಲ್ಲಿಗೆ ಯಾತ್ರೆ ಹೋದ ಬ್ಲ್ವಾ ಕೊನೆಯವರೆಗೂ ಆ ಅಳುವ ತಾಯಿಯ ಭಕ್ತರಾಗಿ ಉಳಿದರು. ನಮ್ಮ ಕಷ್ಟಕ್ಕೆ ಪರಲೋಕವು ಮೌನವಾಗಿದ್ದರೂ ನಿರ್ಲಕ್ಷ್ಯವಾಗಿಲ್ಲ ಎಂಬುದನ್ನು ಅವರು ಅಲ್ಲಿಂದ ಕಲಿತರೆಂದು ನನ್ನ ಭಾವನೆ.

1905ರ ಹೊತ್ತಿಗೆ ಬ್ಲ್ವಾ ಕುಟುಂಬ ಮೊಂಮಾರ್ತ್ರ್ ಗುಡ್ಡದ ಮೇಲೆ, ಯೇಸುವಿನ ಪವಿತ್ರ ಹೃದಯದ ಮಹಾದೇವಾಲಯದ ಬಳಿ ವಾಸವಾಗಿತ್ತು. ಅವರ 'ಬಡ ಹೆಂಗಸು' ಕಾದಂಬರಿ ಓದಿ ಕದಲಿದ ಎಳೆಯ ದಂಪತಿಗಳಿಬ್ಬರು ಜೂನ್ 25ರ ಭಾನುವಾರ ಅಲ್ಲಿನ ಮೆಟ್ಟಿಲುಗಳನ್ನು ಹತ್ತಿ ಬಂದರು. ಝಾಕ್ ಮಾರಿತೇನ್ ಮತ್ತು ರಷ್ಯಾದ ಯೆಹೂದ್ಯ ಮನೆತನದ ರಾಯಿಸಾ ಅವರ ಹೆಸರು. ಬಾಳಿಗೆ ಅರ್ಥ ದೊರೆಯದಿದ್ದರೆ ಜೀವ ತೊರೆಯುವುದೆಂದು ಕೆಲ ವರ್ಷಗಳ ಹಿಂದೆ ಇಬ್ಬರೂ ನಿಶ್ಚಯಿಸಿಕೊಂಡಿದ್ದರು. ಬ್ಲ್ವಾ ಅವರೊಡನೆ ವಾದ ಮಾಡಲಿಲ್ಲ, ಸಂತರ ಚರಿತ್ರೆಗಳನ್ನು ಓದಲು ಕೊಟ್ಟರು. ಆ ಮನೆಯ ಬಡತನವನ್ನೂ ಅಲ್ಲಿನ ಪ್ರಾರ್ಥನೆಯನ್ನೂ ಆ ತರುಣರು ಕಣ್ಣಾರೆ ಕಂಡರು. 1906ರ ಜೂನ್ 11ರಂದು, ಮೊಂಮಾರ್ತ್ರ್‌ನ ಸಂತ ಯೊವಾನ್ನರ ದೇವಾಲಯದಲ್ಲಿ ಝಾಕ್, ರಾಯಿಸಾ ಮತ್ತು ಆಕೆಯ ತಂಗಿ ವೇರಾ ಜ್ಞಾನಸ್ನಾನ ಪಡೆದರು. ಮೂವರಿಗೂ ಜ್ಞಾನತಂದೆಯಾಗಿ ನಿಂತವರು ಬ್ಲ್ವಾ. ಮುಂದೆ ಶತಮಾನದ ಹಿರಿಯ ಕಥೋಲಿಕ ತತ್ತ್ವಜ್ಞಾನಿಗಳಲ್ಲಿ ಒಬ್ಬರಾದ ಆ ಝಾಕ್, ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದ 1965ರ ಡಿಸೆಂಬರ್ 8ರಂದು, ಲೋಕದ ಚಿಂತಕರಿಗೆ ಮೀಸಲಾದ ಸಂದೇಶವನ್ನು 6ನೆಯ ಪೌಲ್ ಜಗದ್ಗುರುಗಳ ಕೈಯಿಂದ ಸ್ವೀಕರಿಸಿದರು.

ಜ್ಞಾನಸ್ನಾನದಿಂದ ಬ್ಲ್ವಾ ಅವರ ಬಡತನವೇನೂ ನೀಗಲಿಲ್ಲ. ಗೆಳೆಯರು ಹೆಚ್ಚಿದರು, ಪುಸ್ತಕಗಳು ಹಿಂದಿನಂತೆಯೇ ಮಾರಾಟವಾಗದೆ ಉಳಿದವು. ಕೊನೆಯ ವರ್ಷಗಳನ್ನು ಅವರು ಪ್ಯಾರಿಸಿನ ಹೊರವಲಯದ ಬೂರ್ ಲ ರೇನ್ ಎಂಬಲ್ಲಿ ಕಳೆದರು. ಕಡೆಯ ಮನೆ ಹಿಂದೆ ಕವಿ ಶಾರ್ಲ್ ಪೆಗಿ ಅವರದಾಗಿತ್ತು. ಪೆಗಿ 1914ರಲ್ಲಿ ಯುದ್ಧರಂಗದಲ್ಲಿ ಮಡಿದಿದ್ದರು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1917ರ ನವೆಂಬರ್ 3ರಂದು, ಸಕಲ ಮೃತರ ಸ್ಮರಣೆಯ ಮರುದಿನ, ಎಪ್ಪತ್ತೊಂದು ವರ್ಷದ ಬ್ಲ್ವಾ ಕಣ್ಮುಚ್ಚಿದರು. ಅಂದು ಮರಿಯಮ್ಮನವರಿಗೆ ಮೀಸಲಾದ ಶನಿವಾರ.