ಜಾನ್ ಗಾಫ್ ಎಂಬವನ ಚರಿತ್ರೆ

ಕುಡಿತವನ್ನು ಬಿಟ್ಟವರ ಸಾಕ್ಷಿಯನ್ನು ನಾವು ಸಭೆಗಳಲ್ಲಿ ಕೇಳಿದ್ದೇವೆ. ಬಿಟ್ಟ ಮೇಲೆ ತಿರಿಗಿ ಬಿದ್ದವನ ಸಾಕ್ಷಿಯನ್ನು ಕೇಳುವದು ಬಹು ಅಪರೂಪ. ಯಾಕಂದರೆ ಹಾಗೆ ಬಿದ್ದವನು ಆರಾಧನೆಗೆ ಬರುವದನ್ನೇ ನಿಲ್ಲಿಸುತ್ತಾನೆ; ಹಿರಿಯರೂ ಅವನ ಮನೆಯ ಓಣಿಯನ್ನು ತಪ್ಪಿಸಿ ನಡೆಯುತ್ತಾರೆ. ಮನ್ನಾಏಖೇಳ್ಳಿ, ಹುಮನಾಬಾದ, ಬಸವಕಲ್ಯಾಣದ ಕಡೆಯ ಹಳ್ಳಿಗಳಲ್ಲಿ ಇದನ್ನು ಅರಿಯದವರಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದೊಳಗೆ ಹೆಂಡ ಮಾರುತ್ತಿದ್ದ ಮಾರಯ್ಯನು ಶರಣನಾಗಿ ವಚನ ರಚಿಸಿದನೆಂಬದನ್ನು ನಮ್ಮ ನೆರೆಯವರು ಬಲ್ಲರು. ಆದರೆ ಮಾರಿದವನ ಮಾತು ಬೇರೆ, ಕುಡಿದವನ ಮಾತು ಬೇರೆ. ಈಗ ನಾವು ಬರೆಯುವದು ಕುಡಿದವನ ಚರಿತ್ರೆ.

ಜಾನ್ ಗಾಫನು ಇಂಗ್ಲೆಂಡ್ ದೇಶದ ಕೆಂಟ್ ಸೀಮೆಯಲ್ಲಿ ಸಮುದ್ರದ ದಡದಲ್ಲಿರುವ ಸ್ಯಾಂಡ್‌ಗೇಟ್ ಎಂಬ ಊರಿನಲ್ಲಿ 1817ನೇ ಇಸವಿ ಆಗಸ್ಟ್ 22ರಂದು ಹುಟ್ಟಿದನು. ತಂದೆಯು ದಂಡಿನಿಂದ ಬಿಡುಗಡೆಯಾಗಿ ಚಿಕ್ಕ ಪಿಂಚಣಿ ತಿನ್ನುತ್ತಿದ್ದ ಸಿಪಾಯಿ. ತಾಯಿಯು ಊರ ಮಕ್ಕಳಿಗೆ ಅಕ್ಷರ ಕಲಿಸುವವಳು. ಬಡತನ ಬಹಳವಾಗಿದ್ದದರಿಂದ 1829ರಲ್ಲಿ, ಹನ್ನೆರಡು ವರುಷದ ಪ್ರಾಯದಲ್ಲಿ, ಈ ಹುಡುಗನನ್ನು ಅಮೇರಿಕಕ್ಕೆ ಹೊರಟ ಒಂದು ಕುಟುಂಬದ ಕೈಗೆ ಒಪ್ಪಿಸಿ ಹಡಗು ಹತ್ತಿಸಿದರು. ಎರಡು ವರುಷ ಹೊಲದಲ್ಲಿ ದುಡಿದು, ಬಳಿಕ ನ್ಯೂಯಾರ್ಕ್ ಪಟ್ಟಣಕ್ಕೆ ಬಂದು ಮೆಥೊಡಿಸ್ಟ್ ಸಭೆಯವರ ಪುಸ್ತಕಾಲಯದಲ್ಲಿ ರಟ್ಟು ಕಟ್ಟುವ ಕೆಲಸವನ್ನು ಕಲಿತನು. 1833ರಲ್ಲಿ ತಾಯಿಯನ್ನೂ ತಂಗಿಯನ್ನೂ ಕರೆಸಿಕೊಂಡನು. ಅಷ್ಟರಲ್ಲಿ ಕೆಲಸ ಹೋಯಿತು. ಆ ಚಳಿಗಾಲದಲ್ಲಿ ಮೂವರೂ ಹಸಿವನ್ನು ಕಂಡರು. ಮರುವರುಷ ತಾಯಿಯು ಮಾಳಿಗೆಯ ಕೋಣೆಯೊಳಗೆ ಥಟ್ಟನೆ ಸತ್ತಳು. ಪಾಳಕರಿಲ್ಲ, ಪ್ರಾರ್ಥನೆಯಿಲ್ಲ, ದಿಕ್ಕಿಲ್ಲದವರ ಹೂಳುಗಾಡಿನಲ್ಲಿ ಮಣ್ಣಾದಳು.

ಆ ದುಃಖವನ್ನು ಆತನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಹಾಡುವದರಲ್ಲಿಯೂ ಅನುಕರಣ ಮಾಡಿ ನಗಿಸುವದರಲ್ಲಿಯೂ ಚತುರನಾಗಿದ್ದದರಿಂದ ಪಾನಶಾಲೆಗಳಲ್ಲಿ ಜನರು ಕರೆದು ಕುಡಿಸಿದರು. ನಾಟಕಮಂಡಲಿಗಳಲ್ಲಿ ವೇಷ ಹಾಕಿದನು, ಮದುವೆಯಾದನು, ಸಾಲ ಮಾಡಿದನು, ಊರೂರು ಅಲೆದನು. ಹೆಂಡತಿಯೂ ಹಸುಗೂಸೂ ತೀರಿಕೊಂಡರು. ನಗಿಸುವ ಕುಡುಕನ ಒಳಗನ್ನು ಯಾರೂ ಕೇಳುವದಿಲ್ಲವೆಂಬದನ್ನು ನಾವೂ ನೋಡಿದ್ದೇವೆ.

1842ರ ಅಕ್ಟೋಬರ್ ತಿಂಗಳಿನ ಕಡೇ ಆದಿತ್ಯವಾರದ ಸಂಜೆ, ಮ್ಯಾಸಚೂಸೆಟ್ಸ್ ಸೀಮೆಯ ವುಸ್ಟರ್ ಪಟ್ಟಣದ ಬೀದಿಯಲ್ಲಿ ಹರಕು ಬಟ್ಟೆಯಿಂದ ತೂರಾಡುತ್ತಿದ್ದಾಗ ಒಬ್ಬನು ಹಿಂದಿನಿಂದ ಬಂದು ಆತನ ಭುಜದ ಮೇಲೆ ಮೆಲ್ಲನೆ ಕೈಯಿಟ್ಟನು. ಅವನು ಜೋಯೆಲ್ ಸ್ಟ್ರಾಟನ್. ಮದ್ಯ ಮಾರದ ಒಂದು ಹೋಟೆಲಿನಲ್ಲಿ ಊಟ ಬಡಿಸುವ ಆಳು. ಬೋಧಕನಲ್ಲ, ದೊಡ್ಡ ಮನುಷ್ಯನಲ್ಲ. ಗಾಫನನ್ನು ಮರ್ಯಾದೆಯಿಂದ ಮಾತಾಡಿಸಿ ಮರುದಿನ ಮದ್ಯವರ್ಜನ ಸಭೆಗೆ ಬಾ ಎಂದು ಕರೆದನು. ಬಹಳ ಕಾಲದಿಂದ ಯಾರೂ ಆತನನ್ನು ಪ್ರೀತಿಯಿಂದ ಮುಟ್ಟಿದ್ದಿಲ್ಲ. ಸೋಮವಾರ ರಾತ್ರಿ ಗಾಫನು ಹೋಗಿ, ಎಲ್ಲರ ಮುಂದೆ ನಿಂತು, ತನ್ನ ಸ್ಥಿತಿಯನ್ನು ಇದ್ದಂತೆ ಹೇಳಿ, ನಡುಗುವ ಕೈಯಿಂದ ಪ್ರತಿಜ್ಞಾಪತ್ರಕ್ಕೆ ರುಜು ಹಾಕಿದನು.

ಹೀಗೆ ತನ್ನ ಕಥೆಯನ್ನು ತಾನೇ ಹೇಳುವ ಪದ್ಧತಿಯು ಆಗ ಹೊಸದು. 1840ರಲ್ಲಿ ಬಾಲ್ಟಿಮೋರ್ ಪಟ್ಟಣದ ಆರು ಮಂದಿ ಕುಡುಕರು ಕೂಡಿ ವಾಷಿಂಗ್ಟನ್ ಎಂಬವನ ಹೆಸರಿನಲ್ಲಿ ಒಂದು ಸಂಘವನ್ನು ಕಟ್ಟಿ, ಉಪನ್ಯಾಸಕ್ಕೆ ಬದಲಾಗಿ ಪ್ರತಿಯೊಬ್ಬನೂ ತನ್ನ ಅನುಭವವನ್ನು ಹೇಳಬೇಕೆಂದು ಗೊತ್ತುಮಾಡಿದ್ದರು. 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟದವರೂ ಇದೇ ರೀತಿ ಮಾಡುತ್ತಾರೆ.

ರುಜು ಹಾಕಿದ ಮೇಲಿನ ದಿನಗಳು ಘೋರವಾಗಿದ್ದವು. ಗಾಫನು ಕೋಣೆಯಲ್ಲಿ ಒಬ್ಬನೇ ಬಿದ್ದುಕೊಂಡು, ಇಲ್ಲದ್ದನ್ನು ಕಾಣುತ್ತಾ ನಡುಗುತ್ತಾ ಇದ್ದನು. ಬಹು ಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಬರಬಹುದೆಂದು ಈಗಿನ ವೈದ್ಯರು ಬಲ್ಲರು. ಆದದರಿಂದ ಅಂಥವನನ್ನು ಮನೆಯಲ್ಲಿ ಕೂಡಿಹಾಕದೆ ಆಸ್ಪತ್ರೆಗೆ ಕರಕೊಂಡು ಹೋಗತಕ್ಕದ್ದು.

ಐದಾರು ತಿಂಗಳು ಕಳೆದವು. ಗಾಫನು ಊರೂರಿಗೆ ಹೋಗಿ ಮಾತಾಡಿದನು, ಜನರು ಹೊಗಳಿದರು. ಆಮೇಲೆ ದೇಹವೂ ಮನಸ್ಸೂ ದಣಿದಿದ್ದಾಗ ಬಾಸ್ಟನ್ ಪಟ್ಟಣಕ್ಕೆ ಹೋಗಿ, ಹಳೆಯ ನಾಟಕದ ಗೆಳೆಯರ ಸಂಗಡ ಕೂತು ಕುಡಿದನು. ಈ ಸಂಗತಿಯನ್ನು ಮುಚ್ಚಿಡುವದು ಸುಲಭವಾಗಿತ್ತು. ಆತನು ವುಸ್ಟರಿಗೆ ತಿರಿಗಿ ಬಂದು, ಸ್ನೇಹಿತರಿಗೆ ತಾನೇ ತಿಳಿಸಿ, ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಂಡನು. ನಾಚಿಕೆಯಿಂದ ಊರನ್ನೇ ಬಿಟ್ಟುಹೋಗಬೇಕೆಂದಿದ್ದನು. ಆ ಸಭೆಯವರು ಆತನನ್ನು ಹೋಗಗೊಡದೆ ಎರಡನೆಯ ಸಾರಿ ರುಜು ಹಾಕಿಸಿಕೊಂಡರು. ಮೊದಲನೆಯ ರುಜುವಿಗಿಂತ ಈ ಎರಡನೆಯದೇ ದೊಡ್ಡದೆಂದು ನಮಗೆ ತೋಚುತ್ತದೆ. ಮೊದಲು ಬಂದಾಗ ಕಳಕೊಳ್ಳುವದಕ್ಕೆ ಆತನಿಗೇನೂ ಇರಲಿಲ್ಲ. ಈಗ ಒಳ್ಳೇ ಹೆಸರಿತ್ತು.

1843ರ ನವೆಂಬರಿನಲ್ಲಿ ಮೇರಿ ವಿಟ್‌ಕಂಬ್ ಎಂಬವಳನ್ನು ಮದುವೆಯಾದನು. ಆಕೆಯು ಎಲ್ಲವನ್ನೂ ತಿಳಿದೇ ಬಂದವಳು. 1845ರಲ್ಲಿ ತನ್ನ ಚರಿತ್ರೆಯನ್ನು ತಾನೇ ಬರೆದು ಅಚ್ಚು ಹಾಕಿಸಿದನು. ಅದೇ ವರುಷ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ವಾರ ಕಾಣದೆ ಹೋಗಿ, ಕಡೆಗೆ ಕುಡಿದು ಕೆಟ್ಟ ಸ್ಥಿತಿಯಲ್ಲಿ ಸಿಕ್ಕಿದನು. ಯಾರೋ ಕೊಟ್ಟ ಸೋಡಾದಲ್ಲಿ ಏನೋ ಬೆರಸಿದ್ದರೆಂದು ಹೇಳಿದನು. ಪತ್ರಿಕೆಗಳು ಹಾಸ್ಯ ಮಾಡಿದವು, ಅನೇಕರು ನಂಬಲಿಲ್ಲ. ನಾವು ಇದನ್ನು ಇತ್ಯರ್ಥ ಮಾಡಲಾರೆವು. ಆದರೆ ಹೆಸರು ದೊಡ್ಡದಾದಷ್ಟೂ ಬಾಯಿಬಿಡುವದು ಕಷ್ಟವಾಗುವದು ಸಹಜ, ಮತ್ತು ಬೆರಸಿದ್ದು ನಿಜವೇ ಆದರೂ ಆಮೇಲೆ ಕುಡಿದದ್ದನ್ನು ಆತನು ಅಲ್ಲಗಳೆಯಲಿಲ್ಲ. ಬಾಸ್ಟನಿನಲ್ಲಿದ್ದ ಆತನ ಸಭೆಯವರು ವಿಚಾರಣೆ ಮಾಡಿ ಆತನನ್ನು ಸಭೆಯಲ್ಲಿಯೇ ಇಟ್ಟುಕೊಂಡರು. ಕೈಬಿಟ್ಟಿದ್ದರೆ ಮುಂದಿನದು ಆಗುತ್ತಿತ್ತೋ ಏನೋ.

ಮುಂದಿನ ನಾಲ್ವತ್ತು ವರುಷಗಳನ್ನು ಚುಟುಕಾಗಿ ಹೇಳಬಹುದು. 1853ರಲ್ಲಿ ಇಂಗ್ಲೆಂಡಿಗೆ ಹೋಗಿ ಲಂಡನ್ ಪಟ್ಟಣದ ದೊಡ್ಡ ಸಭಾಮಂದಿರದಲ್ಲಿ ಮಾತಾಡಿ ಎರಡು ವರುಷ ಅಲ್ಲಿಯೇ ಸಂಚರಿಸಿದನು. 1857ರಲ್ಲಿಯೂ 1878ರಲ್ಲಿಯೂ ತಿರಿಗಿ ಹೋದನು. ಕೀರ್ತಿಯೂ ಹಣವೂ ಬಂದವು. ಬಾಯ್ಲ್‌ಸ್ಟನ್ ಎಂಬಲ್ಲಿ ಮನೆ ಕಟ್ಟಿದನು. ಆದರೂ ತಾನು ಪೂರಾ ವಾಸಿಯಾದೆನೆಂದು ಹೇಳಿಕೊಳ್ಳಲಿಲ್ಲ. ಕಳೆದ ವರುಷಗಳ ನೆನಪು ಹೋಗುವದಿಲ್ಲವೆಂದೂ ಅಪಾಯವು ಹತ್ತಿರವೇ ಇದೆಯೆಂದೂ ಮುದಿಪ್ರಾಯದಲ್ಲಿಯೂ ಜನರ ಮುಂದೆ ಹೇಳುತ್ತಿದ್ದನು. ನಗಿಸುವ ಚತುರತೆ ಹೋಗಿರಲಿಲ್ಲ. ಅದೇ ಬಾಯಿಂದ ತಾಯಿಯ ಮರಣವನ್ನು ಹೇಳುವಾಗ ಕೇಳುವವರು ಅಳುತ್ತಿದ್ದರು.

1886ನೇ ಇಸವಿ ಫೆಬ್ರವರಿ 15ರ ರಾತ್ರಿ, ಫಿಲಡೆಲ್ಫಿಯ ಪಟ್ಟಣದ ಒಂದು ದೇವಾಲಯದಲ್ಲಿ ಮಾತಾಡುತ್ತಿರುವಾಗಲೇ ಕುಸಿದು ಬಿದ್ದನು. ಮೂರು ದಿವಸದ ತರುವಾಯ ಪ್ರಾಣಬಿಟ್ಟನು. ಆತನ ದೇಹವನ್ನು ವುಸ್ಟರಿಗೆ ತಂದು, ಸ್ಟ್ರಾಟನನು ಭುಜವನ್ನು ಮುಟ್ಟಿದ ಆ ಊರಿನಲ್ಲಿಯೇ ಹೂಣಿಟ್ಟರು.